ನರ್ಸರಿಗೆ ವಾಪಸ್ ಕೊಟ್ಟ ಒಂದೂವರೆ ಸ್ಟಾರು

ಹೋದ ಕಾರ್ತಿಕದಲ್ಲಿ ಈ ನರ್ಸರಿಗೆ ಎರಡು ಸ್ಟಾರ್ ಕೊಟ್ಟು, "ಸೇವಂತಿಗೆ ಅಂತ ಬರೀ ಸೊಪ್ಪು ಮಾರುತ್ತಾರೆ, ಯಾರೂ ಹೋಗಬೇಡಿ" ಅಂತ ಬರೆದಿದ್ದೆ. ಅದನ್ನು ಅಳಿಸಿ ಈಗ ಇದನ್ನು ಬರೆಯುತ್ತಿದ್ದೇನೆ. ಹಾಗಂತ ಬೈದದ್ದನ್ನೆಲ್ಲ ವಾಪಸ್ ತಗೊಂಡೆ ಅಂದುಕೊಳ್ಳಬೇಡಿ. ಮಣ್ಣಿನ ವಿಷಯದಲ್ಲಿ ನನ್ನ ಸಿಟ್ಟು ಹಾಗೇ ಇದೆ, ಇನ್ನೂ ಸ್ವಲ್ಪ ಜಾಸ್ತಿಯೇ ಆಗಿದೆ. ಸೇವಂತಿಗೆ ವಿಷಯದಲ್ಲಿ ಮಾತ್ರ ತಪ್ಪು ನಂದೇ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ನಾನು ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ರಿಟೈರ್ ಆದವನು. ಈಗ ಅದನ್ನು ಸೆಸ್ಕ್ ಅನ್ನಬೇಕು, ಹಾಸನದಲ್ಲಿ ಯಾರೂ ಅನ್ನುವುದಿಲ್ಲ. ಸರ್ವೀಸಿನಲ್ಲಿದ್ದಷ್ಟು ದಿನ ನನಗೂ ಗಿಡಮರಕ್ಕೂ ಇದ್ದ ಸಂಬಂಧ ಒಂದೇ, ಮುಂಗಾರಿಗೆ ಮೊದಲು ತಂತಿಗೆ ತಾಗುವ ಕೊಂಬೆ ಕಡಿಯುವುದು. ರಿಟೈರ್ ಆದಮೇಲೆ ಮನೆಯವಳು "ಇಡೀ ಊರಿನ ಮರ ಕಡಿದಿದ್ದೀರಿ, ಮನೆ ಹಿಂದೆ ನಾಲ್ಕು ಬದನೆ ಗಿಡನಾದರೂ ನೆಡಿ" ಅಂದಳು. ನಮ್ಮದು ಮೂವತ್ತು ನಲವತ್ತರ ಸೈಟು. ಹಿಂದೆ ಹತ್ತಡಿ ಅಗಲ ಮಣ್ಣಿನ ಜಾಗ ಉಳಿಸಿಕೊಂಡಿದ್ದೇವೆ, ಮುಂದೆ ಕಾಂಪೌಂಡಿನ ಒಳಗೆ ಒಂದು ಸಾಲು ಕುಂಡ ಹಿಡಿಯುತ್ತದೆ. ಇಷ್ಟರಲ್ಲೇ ಹೋದ ಒಂದು ವರ್ಷ ಏನು ಬೆಳೆದೆನೋ, ಅದರಲ್ಲಿ ಮುಕ್ಕಾಲು ಪಾಲು ಈ ನರ್ಸರಿಯಿಂದ ತಂದದ್ದು. ಒಂದು ಸಲ ಹೋಗಿ ಬಂದು ಬರೆಯುವ ವಿಮರ್ಶೆ ಇದಲ್ಲ. ಕೃತ್ತಿಕೆ ಮಳೆಯಿಂದ ಹಿಡಿದು ಈ ಬೇಸಿಗೆಯವರೆಗೆ ಕಡಿಮೆಯೆಂದರೂ ಹದಿನೈದು ಸಲ ಹೋಗಿದ್ದೇನೆ.

ನರ್ಸರಿ ಇರುವುದು ಊರಾಚೆ, ರಸ್ತೆಗೆ ಅಂಟಿಕೊಂಡೇ. ಹಸಿರು ನೆರಳು ಬಲೆ, ಬಣ್ಣ ಬಳಿದ ಸಿಮೆಂಟ್ ಕುಂಡಗಳು, ಗೇಟಿನ ಹತ್ತಿರ ಕ್ಯೂಆರ್ ಕೋಡ್ ಅಂಟಿಸಿದ ಟೇಬಲ್ಲು. ಟೇಬಲ್ಲಿನ ಹಿಂದೆ ಕೂರುವ ಹುಡುಗ ಒಳ್ಳೆಯವನೇ, ಮಾತೂ ಚೆನ್ನಾಗಿದೆ, ಗಿಡ ಮಾತ್ರ ಗೊತ್ತಿಲ್ಲ. ಯಾವ ಗಿಡ ತೋರಿಸಿ ಕೇಳಿದರೂ "ಬಿಸಿಲಲ್ಲೂ ಬರುತ್ತೆ, ನೆರಳಲ್ಲೂ ಬರುತ್ತೆ ಸಾರ್" ಅನ್ನುತ್ತಾನೆ. ಗಿಡ ಗೊತ್ತಿರುವುದು ಒಳಗೆ ಗೋಣಿಚೀಲ ಹಾಸಿಕೊಂಡು ಕರಿ ಪ್ಯಾಕೆಟ್ಟಿಗೆ ಮಣ್ಣು ತುಂಬುತ್ತಾ ಕೂತಿರುವ ಆಯಮ್ಮನಿಗೆ. ಐವತ್ತೈದರ ಮೇಲಿರಬೇಕು. ಕೇಳಿದ್ದಕ್ಕಷ್ಟೇ ಉತ್ತರ. ಇದು ನನಗೆ ಗೊತ್ತಾಗುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು. ನೀವು ಮೊದಲ ದಿನವೇ ಟೇಬಲ್ ದಾಟಿ ಒಳಗೆ ಹೋಗಿ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಟ್ರೇ ಸಸಿಗಳು ಇಲ್ಲಿ ನಿಜಕ್ಕೂ ಚೆನ್ನಾಗಿವೆ. 98 ಗುಳಿಯ ಕರಿ ಟ್ರೇಗಳಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು ಬೆಳೆಸಿರುತ್ತಾರೆ. ಒಂದು ಸಸಿಗೆ 3 ರೂಪಾಯಿ, ಐದೇ ಸಸಿ ಕೇಳಿದರೂ ಮುಖ ಸಿಂಡರಿಸದೆ ಕೊಡುತ್ತಾರೆ. ಸಸಿ ನೋಡಿ ಕೊಳ್ಳುವುದನ್ನು ಆಮೇಲೆ ಕಲಿತೆ. ಬುಡದಲ್ಲಿ ಎರಡು ಬೆರಳಿಟ್ಟು ಮೆತ್ತಗೆ ಎತ್ತಿದರೆ ಬೇರೂ ತೆಂಗಿನ ನಾರಿನ ಪುಡಿಯೂ ಹೆಣೆದುಕೊಂಡು ಗುಳಿಯ ಅಚ್ಚಿನಲ್ಲೇ ಇಡಿಯಾಗಿ ಮೇಲೆ ಬರಬೇಕು, ಬೇರು ಬೆಳ್ಳಗಿರಬೇಕು. ಪುಡಿ ಉದುರಿದರೆ ಇನ್ನೂ ಎಳೆಯದು. ಬೇರು ಕಂದು ಬಣ್ಣಕ್ಕೆ ತಿರುಗಿ ಗುಳಿಯ ತಳದಲ್ಲಿ ಸುತ್ತಿಕೊಂಡಿದ್ದರೆ ವಯಸ್ಸಾಗಿದೆ ಅಂತ. ನೆಡಲು ಸರಿಯಾದ ವಯಸ್ಸು ಟೊಮೆಟೊ ಆದರೆ ಬಿತ್ತಿ ಇಪ್ಪತ್ತೈದು ದಿನ, ಮೆಣಸಿನಕಾಯಿ ಆದರೆ ಒಂದು ತಿಂಗಳ ಮೇಲೆ. ಹತ್ತು ಬದನೆ, ಹತ್ತು ಮೆಣಸಿನಕಾಯಿ ತಂದೆ, ಇಪ್ಪತ್ತೂ ಹತ್ತಿಕೊಂಡವು. ಬದನೆ ಗಿಡ ನಾಲ್ಕು ಈಗಲೂ ಕಾಯಿ ಬಿಡುತ್ತಿವೆ.

ಟೊಮೆಟೊ ಕಥೆ ಬೇರೆ. ಟೇಬಲ್ಲಿನ ಹುಡುಗ "ಅರ್ಕಾ ರಕ್ಷಕ್ ಹಾಕಿ ಸಾರ್, ಯಾವ ರೋಗನೂ ಹತ್ತಿರ ಸುಳಿಯಲ್ಲ" ಅಂದ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ತಳಿ ಅದು, ತಳಿಯಲ್ಲಿ ದೋಷವಿಲ್ಲ. ಆದರೆ ಅದು ತಡೆಯುವುದು ಮೂರು ರೋಗ: ಎಲೆ ಮುದುಡುವ ನಂಜು, ದುಂಡಾಣುವಿನಿಂದ ಗಿಡ ಸೊರಗುವುದು, ಮತ್ತೆ ಮೊದಲ ಅಂಗಮಾರಿ. ನಮ್ಮ ಹಾಸನದಲ್ಲಿ ಮಳೆಗಾಲಕ್ಕೆ ಬರುವುದು ಆ ಅಂಗಮಾರಿಯಲ್ಲ, ಕಡೆಯ ಅಂಗಮಾರಿ, ಆಲೂಗಡ್ಡೆಯವರಿಗೆ ಗೊತ್ತಿರುವಂಥದ್ದು. ಜಲಂಧರ್ ಬೀಜ ತಂದು ಜಿಲ್ಲೆಯಲ್ಲೆಲ್ಲ ಕುಫ್ರಿ ಜ್ಯೋತಿ ಅನ್ನುವ ಆಲೂಗಡ್ಡೆ ಹಾಕಿರುತ್ತಾರೆ. ಆಲೂಗಡ್ಡೆಗೆ ಬಂದದ್ದೇ ಟೊಮೆಟೊಗೂ ಬರುತ್ತದೆ, ಎರಡೂ ಒಂದೇ ಕುಲ, ರೋಗವೂ ಒಂದೇ. ಆರಿದ್ರಾ ಮಳೆ ಆರದೆ ಹೊಯ್ಯಿತು ಅಂತಾರಲ್ಲ, ಹಾಗೇ ಹೊಯ್ಯಿತು. ಐದು ದಿನ ಸೂರ್ಯನ ಮುಖ ಕಾಣಲಿಲ್ಲ. ಮೊದಲು ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದ ಹಾಗೆ ಕಪ್ಪು ಮಚ್ಚೆ, ಮಾರನೆಯ ಬೆಳಿಗ್ಗೆ ಎಲೆ ತಿರುಗಿಸಿದರೆ ಅಡಿಯಲ್ಲಿ ಬಿಳಿ ಬೂಸ್ಟು, ನಾಲ್ಕನೆಯ ದಿನಕ್ಕೆ ಗಿಡಕ್ಕೆ ಗಿಡವೇ ಬೇಯಿಸಿದ ಸೊಪ್ಪು. ಹತ್ತರಲ್ಲಿ ಏಳು ಹೋದವು.

ಉಳಿದ ಮೂರನ್ನು ಉಳಿಸಿದ್ದು ಸಕಲೇಶಪುರದ ನನ್ನ ಷಡ್ಡಕ. ಕಾಫಿ ತೋಟದವರಿಗೆ ಬೋರ್ಡೋ ದ್ರಾವಣ ಅಂದರೆ ಮನೆಯಲ್ಲಿ ಸಾರು ಮಾಡಿದಷ್ಟೇ ಸಲೀಸು. ಫೋನಿನಲ್ಲೇ ಹೇಳಿಕೊಟ್ಟ. ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿಗೆ 10 ಗ್ರಾಂ ಸುಣ್ಣ, ಎರಡನ್ನೂ ಒಟ್ಟಿಗೆ ಮೂರನೆಯ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕುವಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮಳೆ ಬಿಟ್ಟ ಹೊತ್ತು ನೋಡಿ ಹೊಡೆದೆ, ಎಲೆಗಳೆಲ್ಲ ನೀಲಿ ಸುಣ್ಣ ಬಳಿದ ಗೋಡೆಯ ಹಾಗಾದವು. ಆ ಮೂರು ಗಿಡದ ಹಣ್ಣು ಗೌರಿಹಬ್ಬದವರೆಗೆ ಬಂತು. ನರ್ಸರಿಯವರು ಸಸಿ ಮಾರುವಾಗ ಇದೊಂದು ಮಾತು ಹೇಳಬಹುದಿತ್ತು. ಈ ವರ್ಷ ನಾನು ಟೊಮೆಟೊವನ್ನು ಮುಂಗಾರಿಗೆ ಹಾಕುವುದೇ ಇಲ್ಲ, ಮಳೆ ಹೋದಮೇಲೆ ಹಾಕುತ್ತೇನೆ.

ಬಸವನ ಹುಳು ವಿಷಯಕ್ಕೆ ಅವರನ್ನು ದೂರುವ ಹಾಗಿಲ್ಲ, ಅದು ಊರಿಗೆಲ್ಲ ಇರುವ ಕಾಟ. ಹುಡುಗ ಉಪ್ಪು ಹಾಕಿ ಅಂದ. ದಯವಿಟ್ಟು ಮಣ್ಣಿಗೆ ಉಪ್ಪು ಹಾಕಬೇಡಿ, ಹುಳು ಸತ್ತಮೇಲೆ ಗಿಡವೂ ಸಾಯುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ ಇಟ್ಟು ಬಂದರೆ ಬೆಳಿಗ್ಗೆಗೆ ಎಲ್ಲ ಅಲ್ಲೇ ಬಂದು ಸೇರಿರುತ್ತವೆ, ಎತ್ತಿ ಹಾಕುವುದಷ್ಟೇ ಕೆಲಸ. ಒಂದು ಬೆಳಿಗ್ಗೆ ನಲವತ್ತೊಂದು ಎಣಿಸಿದ್ದೇನೆ.

ಈಗ ಮಣ್ಣು.

"ರೆಡಿ ಮಿಕ್ಸ್" ಅಂತ ಚೀಲಕ್ಕೆ 350 ರೂಪಾಯಿಯಂತೆ ಮಾರುತ್ತಾರೆ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಅಂತ ಚೀಲದ ಮೇಲೆ ಬರೆದಿದೆ. ಆಷಾಢದಲ್ಲಿ ನಾಲ್ಕು ಚೀಲ ತಂದೆ, ಆಟೋ ಬಾಡಿಗೆ ಬೇರೆ. ನೋಡಲು ಚೆನ್ನಾಗಿತ್ತು, ಹುಡಿಹುಡಿಯಾಗಿತ್ತು, ಕೈಗೆ ಹಗುರ. ಹಿಂದಿನ ಜಾಗಕ್ಕೆ ಎರಡು ಚೀಲ ಹರಡಿ ಪಾತಿ ಮಾಡಿದೆ, ಉಳಿದದ್ದನ್ನು ಕುಂಡಕ್ಕೆ ತುಂಬಿದೆ. ಹತ್ತೇ ದಿನ. ಬಿತ್ತಿದ ಮೂಲಂಗಿ ಇನ್ನೂ ಎರಡೆಲೆ ಬಿಡುವ ಮೊದಲು ಪಾತಿ ತುಂಬ ಹೊಳೆಯುವ ಹುಲ್ಲು. ಹೊಸ ಗರಿಕೆ ಅಂದುಕೊಂಡು ಕಿತ್ತೆ. ಸಲೀಸಾಗಿ ಬಂತು, ಖುಷಿಯಾಯಿತು. ಮೂರು ದಿನಕ್ಕೆ ಕಿತ್ತ ಜಾಗದಲ್ಲೆಲ್ಲ ಎರಡೆರಡು ಎದ್ದಿದ್ದವು.

ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಮೇಲಿಂದ ನೋಡಿ "ಕೊನ್ನಾರಿ ಕಣ್ರೀ ಅದು, ಕೆಲಸ ಕೆಟ್ಟಿತು" ಅಂದರು. ಅವತ್ತು ಮಧ್ಯಾಹ್ನ ಕುಡುಗೋಲಿನ ತುದಿಯಲ್ಲಿ ಒಂದೇ ಒಂದು ಹುಲ್ಲಿನ ಸುತ್ತ ಮಣ್ಣು ಬಿಡಿಸುತ್ತಾ ಕೆಳಗೆ ಇಳಿದೆ. ಹುಲ್ಲಿನ ಬುಡದಲ್ಲಿ ಕಡಲೆಕಾಳಿನಷ್ಟು ಕರಿ ಗಡ್ಡೆ. ಅದರಿಂದ ಒಂದು ತೆಳು ಕಂದು ತಂತಿ ಅಡ್ಡಕ್ಕೆ ಹೋಗಿದೆ. ನಾಲ್ಕು ಬೆರಳಾಚೆ ಇನ್ನೊಂದು ಗಡ್ಡೆ. ಅಲ್ಲಿಂದ ತಂತಿ ಕೆಳಕ್ಕೆ, ಇನ್ನೊಂದು ಗಡ್ಡೆ. ದೀಪಾವಳಿಗೆ ಬಾಗಿಲಿಗೆ ಕಟ್ಟುವ ಸೀರಿಯಲ್ ಸೆಟ್ಟಿನ ಹಾಗೆ ಪೋಣಿಸಿಕೊಂಡು ಹೋಗಿತ್ತು. ನಾನು ಮೇಲಿನ ಹುಲ್ಲು ಕಿತ್ತಾಗಲೆಲ್ಲ ಆ ತಂತಿ ಕಡಿದು ಕೆಳಗಿನ ಗಡ್ಡೆ ಬೇರೆಯಾಗಿ, ಅದು ತನ್ನ ಪಾಡಿಗೆ ತಾನು ಮೊಳೆಯುತ್ತಿತ್ತು. ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ತೆಗೆದರೆ ಎಲ್ಲ ಆರುತ್ತದೆ, ಇದರಲ್ಲಿ ಒಂದು ತೆಗೆದರೆ ಎಲ್ಲ ಹೊತ್ತಿಕೊಳ್ಳುತ್ತವೆ. ಒಂದು ಮೊಳದ ಗುಂಡಿಯಿಂದ ಹದಿನೇಳು ಗಡ್ಡೆ ತೆಗೆದೆ. ಜಜ್ಜಿ ಮೂಸಿದರೆ ಘಮ್ಮನೆ ಪರಿಮಳ. ಗ್ರಂಥಿಗೆ ಅಂಗಡಿಯಲ್ಲಿ ಇದನ್ನೇ ಭದ್ರಮುಷ್ಟಿ ಅಂತ ದುಡ್ಡಿಗೆ ಮಾರುತ್ತಾರೆ ಅಂತ ಮನೆಯವಳು ಹೇಳಿದಳು. ಹಾಗಿದ್ದರೆ 350 ರೂಪಾಯಿಗೆ ನನಗೆ ಲಾಭವೇ ಆಯಿತು ಬಿಡಿ.

ನರ್ಸರಿಗೆ ಹೋಗಿ ಹೇಳಿದೆ. ಟೇಬಲ್ಲಿನ ಹುಡುಗ "ಮಣ್ಣಲ್ವಾ ಸಾರ್, ಹುಲ್ಲು ಬರದೆ ಇನ್ನೇನು ಬರುತ್ತೆ?" ಅಂದ. ದುಡ್ಡೂ ಇಲ್ಲ, ಬದಲಿ ಚೀಲವೂ ಇಲ್ಲ. ಆ ಪಾತಿಯನ್ನು ಇಡೀ ವರ್ಷ ಸೋಸಿದ್ದೇನೆ, ಕೊನ್ನಾರಿ ಈಗಲೂ ಇದೆ. ಅದಕ್ಕೇ ಹೇಳುತ್ತೇನೆ, ಇವರ ಮಣ್ಣು ತರಲೇಬೇಡಿ. ತರಲೇಬೇಕು ಅನ್ನಿಸಿದರೆ ಒಂದೇ ಚೀಲ ತಂದು, ಒಂದು ಕುಂಡಕ್ಕೆ ತುಂಬಿ, ದಿನಾ ನೀರು ಹಾಕಿ ಹದಿನೈದು ದಿನ ಸುಮ್ಮನೆ ಬಿಡಿ. ಏನು ಏಳುತ್ತದೆ ನೋಡಿಕೊಂಡು ನೆಲಕ್ಕೆ ಹಾಕಿ. ಎರಡು ಸ್ಟಾರ್ ಕೊಟ್ಟಾಗ ಐದರಲ್ಲಿ ಒಂದು ಸ್ಟಾರ್ ಕಡಿದದ್ದು ಇದಕ್ಕೇ, ಅದು ವಾಪಸ್ ಹೋಗುವುದಿಲ್ಲ.

ಮಲ್ಲಿಗೆಯದು ಸಣ್ಣ ಮೋಸ. ಏಳು ಸುತ್ತಿನ ಮಲ್ಲಿಗೆ ಅಂತ 120 ರೂಪಾಯಿ ಕೊಟ್ಟೆವು, ಮನೆಯವಳ ತವರಿನಲ್ಲಿ ಇತ್ತಂತೆ, ಅವಳಿಗೆ ಆಸೆ. ಮೊದಲ ಹೂವು ಅರಳಿದ ಸಂಜೆ ಅಡುಗೆಮನೆ ದೀಪದ ಕೆಳಗೆ ಕೂತು ಎಸಳು ಬಿಡಿಸಿ ಎಣಿಸಿದಳು. ಎರಡು ಸುತ್ತು. ಮೂರನೆಯದರಲ್ಲಿ ಅರ್ಧ. "ಉಳಿದ ನಾಲ್ಕೂವರೆ ಸುತ್ತು ನೀವೇ ನರ್ಸರಿಗೆ ಸುತ್ತಿದ್ದೀರಿ" ಅಂದಳು.

ಚೆಂಡು ಹೂವಿಗೆ ಮಾತ್ರ ಹತ್ತಕ್ಕೆ ಹತ್ತು. ಹಾಸನದಲ್ಲಿ ಹೂವಿನ ಲೆಕ್ಕ ಇಡುವುದು ಸುಲಭ, ಹಾಸನಾಂಬೆಯಿಂದ ಹಿಂದಕ್ಕೆ ಎಣಿಸಬೇಕು. ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ ತಾಯಿಯ ಬಾಗಿಲು ತೆಗೆಯುತ್ತಾರೆ, ಅಲ್ಲಿಂದ ದೀಪಾವಳಿವರೆಗೆ ಊರಲ್ಲಿ ಹೂವಿನ ಬೆಲೆ ಕೇಳುವ ಹಾಗಿಲ್ಲ. ಚೆಂಡು ಹೂ ಸಸಿ ನೆಟ್ಟು ಎರಡು ತಿಂಗಳಿಗೆ ಅರಳುತ್ತದೆ. ಅಂದರೆ ಮಖೆ ಮಳೆಯಲ್ಲಿ ಸಸಿ ನೆಲದಲ್ಲಿರಬೇಕು. ಮಖೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಅನ್ನುವ ಗಾದೆ ಚೆಂಡು ಹೂವಿಗೂ ಸಲ್ಲುತ್ತದೆ. ಇಪ್ಪತ್ತು ಸಸಿ ತಂದೆ, ಒಂದು ತಿಂಗಳಾದಮೇಲೆ ಕುಡಿ ಚಿವುಟಿದೆ, ಗಿಡ ಕೊಡೆಯ ಹಾಗೆ ಹರಡಿಕೊಂಡಿತು. ಆ ವರ್ಷ ಆಯುಧಪೂಜೆಗೂ ದೀಪಾವಳಿಗೂ ಒಂದು ಮಾರು ಹೂ ಕೊಳ್ಳಲಿಲ್ಲ. ಟೊಮೆಟೊ ಬೆಳೆಯುವವರಿಗೆ ಇನ್ನೊಂದು ಉಪಯೋಗ ಇದೆ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ಹಾಕಿದರೆ ಕಾಯಿಕೊರಕದ ಚಿಟ್ಟೆ ಹೂವಿಗೇ ಮೊಟ್ಟೆ ಇಡುತ್ತದೆ ಅಂತ ಹೆಸರಘಟ್ಟದವರ ಸಲಹೆ. ನನ್ನ ಮೂರು ಗಿಡಕ್ಕೆ ಇಪ್ಪತ್ತು ಚೆಂಡು ಹೂ ಇತ್ತು, ಚಿಟ್ಟೆಗೂ ಗಲಿಬಿಲಿ ಆಗಿರಬೇಕು.

ಇನ್ನು ಸೇವಂತಿಗೆ.

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಹಳದಿ ಸೇವಂತಿಗೆಯ ಹನ್ನೆರಡು ಸಸಿ ತಂದಿದ್ದೆ, ಒಂದಕ್ಕೆ 25 ರೂಪಾಯಿ. ಒಂದೇ ದಿನ, ಒಂದೇ ಸಾಲಿನಿಂದ ಆರಿಸಿದ್ದು. ಆರು ಕುಂಡ ಮನೆ ಹಿಂದೆ ಇಟ್ಟೆ, ಆರು ಕುಂಡ ಮುಂದೆ ಕಾಂಪೌಂಡಿನ ಒಳಗೆ, ಬಂದವರ ಕಣ್ಣಿಗೆ ಬೀಳಲಿ ಅಂತ. ಒಂದೇ ಮಣ್ಣು, ಒಂದೇ ನೀರು. ಮುಂದಿನವಕ್ಕೆ ಬಿಸಿಲು ಸ್ವಲ್ಪ ಜಾಸ್ತಿಯೇ. ದಸರಾ ಹೊತ್ತಿಗೆ ಹಿಂದಿನ ಆರರಲ್ಲೂ ಮೆಣಸಿನ ಕಾಳಿನಷ್ಟು ಮೊಗ್ಗು ಕಂಡವು. ಮುಂದಿನವು ಮೊಣಕಾಲೆತ್ತರಕ್ಕೆ ಬೆಳೆದಿದ್ದವು, ಎಲೆ ಅಂಗೈ ಅಗಲ, ಕರಿ ಹಸಿರು, ಮೊಗ್ಗಿನ ಸುಳಿವಿಲ್ಲ. ಸಗಣಿ ನೀರು ಹಾಕಿದೆ. ಇನ್ನೂ ಎಲೆ ಬಂತು. ಕಡಲೆ ಹಿಂಡಿ ನೆನೆಸಿ ಹಾಕಿದೆ. ಇನ್ನೂ ಎಲೆ. ದೀಪಾವಳಿಗೆ ಹಿಂದಿನ ಗಿಡಗಳಲ್ಲಿ ಎಲೆ ಕಾಣದಷ್ಟು ಹೂವು, ಮುಂದೆ ಬಂದವರು "ಇದೇನು ಮಾಚಿಪತ್ರೆನಾ?" ಅಂತ ಕೇಳಿ ಹೋದರು. ಎರಡು ಸ್ಟಾರಿನ ವಿಮರ್ಶೆ ಬರೆದದ್ದು ಅವತ್ತು ರಾತ್ರಿ.

ವಾರ ಬಿಟ್ಟು ಜಗಳಕ್ಕೇ ಹೋದೆ. ಟೇಬಲ್ಲಿನ ಹುಡುಗ ಅವತ್ತು ಇರಲಿಲ್ಲ. ಸೀದಾ ಒಳಗೆ ನುಗ್ಗಿದೆ.

"ಏನವ್ವ, ದುಡ್ಡು ಕೊಟ್ಟು ಸೊಪ್ಪು ಹೊತ್ತುಕೊಂಡು ಹೋದ ಹಾಗಾಯ್ತಲ್ಲ."

ಆಯಮ್ಮ ಪ್ಯಾಕೆಟ್ ತುಂಬುವುದು ನಿಲ್ಲಿಸಲಿಲ್ಲ. "ಎಲ್ಲ ಗಿಡನೂ ಹಂಗೇನಾ?"

"ಇಲ್ಲ. ಹಿಂದಿನ ಆರು ಬಿಟ್ಟಿವೆ. ಮುಂದಿನ ಆರು ಬಿಟ್ಟಿಲ್ಲ."

"ಒಂದೇ ದಿನ ತಗೊಂಡಿದ್ದಾ?"

"ಹೂಂ."

"ಮುಂದುಗಡೆ ರಾತ್ರಿ ಲೈಟು ಉರಿಯುತ್ತಾ ಅಣ್ಣ?"

ನಾನು ಉತ್ತರ ಕೊಡಲಿಲ್ಲ. ಕೊಡಲು ಬಾಯಿ ಬರಲಿಲ್ಲ. ನಮ್ಮ ಗೇಟಿನ ಪಕ್ಕದ ಕಂಬಕ್ಕೆ ಮೊದಲು ದೀಪ ಇರಲಿಲ್ಲ. ಮಗಳು ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುತ್ತಾಳೆ ಅಂತ, ಸರ್ವೀಸಿನಲ್ಲಿದ್ದಾಗ ನಾನೇ ಹಿಂದೆ ಬಿದ್ದು ಆ ಕಂಬಕ್ಕೆ ಬ್ರಾಕೆಟ್ ಹಾಕಿಸಿದ್ದೆ. ಆಗ ಹಳದಿ ಸೋಡಿಯಂ ದೀಪ. ಈಗ ಅದನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದ್ದಾರೆ, ಅಂಗಳದಲ್ಲಿ ಕೂತು ಪೇಪರ್ ಓದಬಹುದು. ಮಗಳು ಮದುವೆಯಾಗಿ ಹೋಗಿ ಎಂಟು ವರ್ಷವಾಯಿತು. ದೀಪ ಮಾತ್ರ ಸಂಜೆ ಆರೂವರೆಗೆ ಹತ್ತಿ ಬೆಳಿಗ್ಗೆ ಆರಕ್ಕೆ ಆರುತ್ತದೆ, ಒಂದು ದಿನ ತಪ್ಪದೆ.

ಆಯಮ್ಮನದು ತವರು ಚಿಕ್ಕಬಳ್ಳಾಪುರದ ಕಡೆ. ಅಲ್ಲಿ ಸೇವಂತಿಗೆ ಹೊಲಕ್ಕೆ ರಾತ್ರಿ ಸಾಲಾಗಿ ಬಲ್ಬು ಹಾಕುತ್ತಾರೆ, ನಾನೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನೋಡಿದ್ದೇನೆ, ಜಾತ್ರೆಯ ಹಾಗೆ ಕಾಣುತ್ತದೆ. ಕಳ್ಳರ ಭಯಕ್ಕೆ ಹಾಕಿದ್ದಾರೆ ಅಂದುಕೊಂಡಿದ್ದೆ. ಅಲ್ಲವಂತೆ. "ಲೈಟು ಇರೋವರೆಗೂ ಅದು ಹೂ ಬಿಡಲ್ಲ ಕಣಣ್ಣ, ಬರೀ ಬೆಳೀತದೆ. ಗಿಡ ಬೇಕಾದಷ್ಟು ಬೆಳೆದಮೇಲೆ ಲೈಟ್ ತೆಗೀತಾರೆ, ಆಗ ಎಲ್ಲ ಒಟ್ಟಿಗೇ ಮೊಗ್ಗು ಹಾಕ್ತದೆ. ಅದಕ್ಕೆ ಕತ್ತಲು ಬೇಕು." ಇಷ್ಟು ಹೇಳಿ ಮತ್ತೆ ಪ್ಯಾಕೆಟ್ಟಿಗೆ ಕೈ ಹಾಕಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ, ಅಷ್ಟೇ. ನಮಗೆ ಗಮನಕ್ಕೇ ಬರುವುದಿಲ್ಲ, ಸೇವಂತಿಗೆ ಅದನ್ನು ಎಣಿಸುತ್ತದೆ. ರಾತ್ರಿ ಉದ್ದವಾದಮೇಲೆ ಮೊಗ್ಗು ಕಟ್ಟುವ ಗಿಡಕ್ಕೆ ನಾನು ರಾತ್ರಿಯನ್ನೇ ಕೊಟ್ಟಿರಲಿಲ್ಲ. ಹಳೆಯ ನಾಟಿ ಅವರೆಯದೂ ಇದೇ ಸ್ವಭಾವ, ಯಾವಾಗ ಬಿತ್ತಿದರೂ ಚಳಿಗಾಲದ ಚಿಕ್ಕ ಹಗಲಿಗೇ ಹೂವು, ಅದಕ್ಕೇ ಸೊಗಡಿನ ಕಾಯಿ ಮಾರ್ಗಶಿರ ಪುಷ್ಯಕ್ಕೇ ಬರುವುದು. ವರ್ಷವಿಡೀ ಸಿಗುವ ಹೆಬ್ಬಾಳ ಅವರೆಯಂಥ ತಳಿಗಳಿಗೆ ಈ ಹಗಲು ರಾತ್ರಿಯ ಹಂಗಿಲ್ಲ, ಸೊಗಡೂ ಅಷ್ಟಕ್ಕಷ್ಟೆ. ನನ್ನ ಅವರೆ ಚಪ್ಪರ ಪುಣ್ಯಕ್ಕೆ ಮನೆ ಹಿಂದೆ ಇತ್ತು.

ಆದರೂ ಲೈನ್‌ಮನ್ ಬುದ್ಧಿ, ಪರೀಕ್ಷೆ ಮಾಡದೆ ಒಪ್ಪುವುದಿಲ್ಲ. ಫಾಲ್ಟ್ ಎಲ್ಲಿದೆ ಅಂತ ನೋಡಲು ಲೈನನ್ನು ಒಂದೊಂದೇ ತುಂಡಾಗಿ ಬಿಡಿಸುತ್ತೇವಲ್ಲ, ಹಾಗೆ ಆರು ಕುಂಡಗಳಲ್ಲಿ ನಾಲ್ಕನ್ನು ಎತ್ತಿ ಹಿಂದಕ್ಕೆ ಸಾಗಿಸಿದೆ, ಎರಡನ್ನು ದೀಪದ ಕೆಳಗೇ ಬಿಟ್ಟೆ. ನೀರು ಗೊಬ್ಬರ ಯಾವುದನ್ನೂ ಬದಲಾಯಿಸಲಿಲ್ಲ. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಕುಡಿ ಬಗ್ಗಿಸಿ ನೋಡಿದೆ. ನಾಲ್ಕು ಎಲೆಗಳ ಮಧ್ಯೆ, ಸಾಸಿವೆಗಿಂತ ಸ್ವಲ್ಪ ದಪ್ಪ, ಹಸಿರು ಗುಂಡಿಯ ಹಾಗೆ ಒಂದು. ಪಕ್ಕದ ಕವಲಿನಲ್ಲಿ ಇನ್ನೊಂದು. ಮನೆಯವಳನ್ನು ಕೂಗಿದೆ, ಬಾಯಲ್ಲಿ ನೊರೆ, ಏನಾಯಿತೋ ಅಂತ ಓಡಿ ಬಂದಳು. ಸಂಕ್ರಾಂತಿ ಕಳೆದ ವಾರ ನಾಲ್ಕೂ ಕುಂಡ ತುಂಬ ಹೂವು. ದೀಪದ ಕೆಳಗಿನ ಎರಡು ಆಗಲೂ ಸೊಪ್ಪೇ.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಜಿಪ್ ಕವರಿನಲ್ಲಿ 30 ರೂಪಾಯಿಗೆ ಮಾರುವ ಬಿಡಿ ಬೀಜ ಬೇಡ, ಅದರ ಮೇಲೆ ತಳಿಯ ಹೆಸರಿಲ್ಲ, ತಾರೀಖಿಲ್ಲ. ಕ್ಯಾರೆಟ್ ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ, ಮೂರು ಮೊಳೆತವು. ಕೊತ್ತಂಬರಿ, ಮೆಂತ್ಯಕ್ಕಂತೂ ಬೀಜ ಕೊಳ್ಳುವುದೇ ದಂಡ. ಅಡುಗೆಮನೆ ಡಬ್ಬಿಯ ಧನಿಯವನ್ನು ಚಪ್ಪಲಿ ಕಾಲಲ್ಲಿ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೆ ಹುಟ್ಟುತ್ತದೆ. ಗುಲಾಬಿ ಚೆನ್ನಾಗಿದೆ, 150 ರೂಪಾಯಿ. ಆದರೆ ಎಲ್ಲ ಕಸಿ ಗಿಡ, ಕಸಿ ಗಂಟಿನ ಕೆಳಗಿಂದ ನುಗ್ಗಿ ಬರುವ ಚಿಗುರನ್ನು ಬುಡಕ್ಕೇ ಕಿತ್ತು ಹಾಕದಿದ್ದರೆ ಒಂದು ವರ್ಷಕ್ಕೆ ಗುಲಾಬಿ ಹೋಗಿ ಕಾಡು ಮುಳ್ಳು ಉಳಿಯುತ್ತದೆ. ಇದನ್ನು ಹೇಳಿದ್ದೂ ಆಯಮ್ಮನೇ. ಬೇಸಿಗೆಗೆ ಗೋಣಿಚೀಲದ ಲೆಕ್ಕದಲ್ಲಿ ತೆಂಗಿನ ಸಿಪ್ಪೆ ಮಾರುತ್ತಾರೆ, ಬುಡಕ್ಕೆ ಹೊದಿಸಲು ಒಳ್ಳೆಯದು, ಎರಡು ದಿನಕ್ಕೊಮ್ಮೆ ನೀರು ಹಾಕುವ ಕಡೆ ಮೂರು ದಿನಕ್ಕೊಮ್ಮೆ ಸಾಕಾಯಿತು. ಹಳೆಯ ಪ್ಲಾಸ್ಟಿಕ್ ಕುಂಡ ವಾಪಸ್ ಕೊಟ್ಟರೆ ತಲಾ 2 ರೂಪಾಯಿ ಕಳೆಯುತ್ತಾರೆ. ಗಾಡಿ ನಿಲ್ಲಿಸಲು ಜಾಗವಿದೆ. ಮಂಗಳವಾರ ಆಯಮ್ಮ ಬರುವುದಿಲ್ಲ, ಹುಡುಗ ಒಬ್ಬನೇ ಇರುತ್ತಾನೆ, ಮಂಗಳವಾರ ಹೋಗಬೇಡಿ.

ಹೋದ ವಾರ ಹೋಗಿದ್ದಾಗ ದೀಪದ ಕೆಳಗೆ ಉಳಿದ ಎರಡು ಕುಂಡದ ವಿಷಯ ಎತ್ತಿದೆ, ಕಿತ್ತು ಬಿಸಾಕುತ್ತೇನೆ ಅಂದೆ. ಆಯಮ್ಮ ಅವತ್ತು ಮೊದಲ ಸಲ ಪ್ಯಾಕೆಟ್ ಕೆಳಗಿಟ್ಟರು. "ಕೀಳ್ಬೇಡಿ ಅಣ್ಣ. ಹೂ ಬಿಡದೆ ಬೆಳೆದಿರೋ ಗಿಡದ ಕುಡಿನೇ ನೆಡಕ್ಕೆ ಚೆನ್ನಾಗಿರೋದು, ಬೇಗ ಬೇರು ಬಿಡ್ತದೆ. ಅಲ್ಲೇ ಮಡಗಿ. ಮಳೆ ಬಿದ್ದಮೇಲೆ ನಂಗೆ ಒಂದು ಮೂವತ್ತು ಕುಡಿ ತಂದು ಕೊಡಿ." ದುಡ್ಡು ಬೇಡ, ನಿಜವಾದ ಏಳು ಸುತ್ತಿನ ಮಲ್ಲಿಗೆ ಒಂದು ಕೊಡಿ ಅಂದೆ. ನಕ್ಕು, ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ಒಂದು ಪ್ಯಾಕೆಟ್ ಎತ್ತಿ ಕೊಟ್ಟರು, ಮುಂಗಡವಾಗಿ.

ಅದು ಈಗ ಹಿತ್ತಲ ಬಾಗಿಲ ಪಕ್ಕದಲ್ಲಿದೆ, ಎರಡು ಹೊಸ ಚಿಗುರು ಬಂದಿವೆ. ಸದ್ಯಕ್ಕೆ ಮೂರೂವರೆ ಸ್ಟಾರು. ಇನ್ನರ್ಧ ಸ್ಟಾರ್ ಮನೆಯವಳ ಹತ್ತಿರ ಇದೆ, ಹೂವು ಅರಳಿದಮೇಲೆ ಎಣಿಸಿ ಹೇಳುತ್ತಾಳಂತೆ.